ಎರಡು ಚಿಂಚೋಳಿ

ಐತವಾರ ಮಧ್ಯಾಹ್ನ ಬಿಸಿಲು ಹೆಂಗಿತ್ತಂದ್ರ ಎದುರಿನ ಮನಿ ಪತ್ರಾ ಕಾದು ಟಣ್ ಟಣ್ ಅಂತ ಸಪ್ಪಳ ಮಾಡ್ಲಕತ್ತಿತ್ತು, ನಾ ರೊಟ್ಟಿ ಶೇಂಗಾ ಹಿಂಡಿ ತಿಂದು ಕೂಲರ್ ಮುಂದ ಅಡ್ಡ ಆಗಬೇಕು ಅನ್ನೋದ್ರಾಗ ಕಾಕಾರ ಫೋನ್ ಬಂತು.

"ಏ ತಮ್ಮಾ, ಆ ಹಾರ್ಡ್ ಡಿಸ್ಕ್ ನಿನ್ನ ಹತ್ರನೇ ಅದಲ್ಲ? ಚಿಂಚೋಳಿ ಮಾಸ್ತರ್ರು ಬಂದಾರ ನೋಡು. ಅವರ ಅಪ್ಪಾರ ಶಿವಗಣಾರಾಧನಿ ಕಾರ್ಡಿನ ಮ್ಯಾಟರ್ ಬೇಕಂತ, 2008ದ್ದು. ಜರಾ ತೆಗೆದು ಕೊಡು."

ಕಾಕಾ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಭಾಳ ವರ್ಷ ಡಿಟಿಪಿ ಅಂಗಡಿ ನಡ್ಸಿದವ್ರು. ಲಗ್ನಪತ್ರಿಕಿ, ತೊಟ್ಟಿಲ ಕಾರ್ಡು, ಜಾತ್ರಿ ಹ್ಯಾಂಡ್‌ಬಿಲ್, ದಾಲ್ ಮಿಲ್‌ನವ್ರ ಬಿಲ್ ಬುಕ್ಕು, ಏನು ಬೇಕಾದ್ರೂ ಅಲ್ಲೇ. ಅಂಗಡಿ ಬಂದ್ ಮಾಡಿದಾಗ ಎಲ್ಲಾ ಫೈಲ್ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ನನ್ನ ಕೈಯಾಗ ಇಟ್ಟು "ಇರ್ಲಿ, ಯಾರರೆ ಕೇಳ್ತಾರ" ಅಂದಿದ್ರು. ಯಾರೂ ಕೇಳಂಗಿಲ್ಲ ಅಂತ ನಾ ಕಪಾಟಿನಾಗ ಇಟ್ಟಿದ್ದೆ. ಈಗ ಮಾಸ್ತರ್ರು ಕೇಳ್ಯಾರ.

ಐದು ನಿಮಿಷದ ಕೆಲ್ಸ ಅಂದ್ಕೊಂಡು ಡಿಸ್ಕ್ ಹಚ್ಚಿದೆ. ಆಗಿದ್ದು ಮೂರೂವರಿ ತಾಸು. ಆ ಮೂರೂವರಿ ತಾಸಿನ ಕತಿ ಇದು, ಕನ್ನಡದಾಗ ಫೈಲ್ ಹೆಸ್ರು ಇಡೋವ್ರಿಗೆ ಯಾರಿಗಾದ್ರೂ ಉಪಯೋಗ ಬರಬಹುದು ಅಂತ ಬರೀಲಕತ್ತೀನಿ.

ನಾ ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಬಳಸ್ತೀನಿ. ಇಂಜಿನಿಯರಿಂಗ್ ಕಲಿಯುವಾಗ ಒಬ್ಬ ಸೀನಿಯರ್ ಹಚ್ಚಿದ ಚಟ, ಇನ್ನೂ ಬಿಟ್ಟಿಲ್ಲ. ಅದರಾಗ ಫೋಲ್ಡರ್ ತೆಗೆದ್ರ ಡೈರೆಡ್ ಅಂತ ಒಂದು ಪಟ್ಟಿ ಬರ್ತದ, ಫೈಲ್ ಹೆಸ್ರು, ಸೈಜು, ತಾರೀಖು ಎಲ್ಲಾ ಸಾಲಾಗಿ, ಎಡಿಟರ್ ಬಿಟ್ಟು ಹೊರಗ ಹೋಗೋದೇ ಬೇಡ, ಅಲ್ಲೇ ಹೆಸ್ರು ಬದ್ಲಿ ಮಾಡು, ಅಲ್ಲೇ ಅಳಿಸು. ಡಿಸ್ಕ್ ತೆಗೆದ್ರ ಅದರಾಗ ಎರಡೇ ಅದಾವ. ಒಂದು ದೊಡ್ಡ ಫೋಲ್ಡರ್, ಹೆಸ್ರು ಅಂಗಡಿ, ಇನ್ನೊಂದು ಜಿಪ್ ಫೈಲು, ಹೆಸ್ರು ಅಂಗಡಿ-ಹೊಸದು. ಹೆಸ್ರು ಅಂಗಡಿ ಅಂತ ಅದ ಅನ್ನೋದು ನನಗೆ ಆಮ್ಯಾಲೆ ಗೊತ್ತಾಗಿದ್ದು, ಯಾಕಂದ್ರ ಮೊದ್ಲು ಕಂಡಿದ್ದು ಕನ್ನಡನೇ ಅಲ್ಲ.

ಏನು ಕಂಡಿತ್ತು ಹೇಳ್ತೀನಿ. ಸಣ್ಣ ಇಂಗ್ಲಿಷ್ ಎ ಅಕ್ಷರ, ಅದರ ತಲಿ ಮ್ಯಾಲ ಎಡಕ್ಕೆ ವಾಲಿದ ಒಂದು ಗೀಟು. ಅದರ ಬಾಜೂಕ, ಚದರ ಅಡಿ ಬರಿಯೋವಾಗ ಮ್ಯಾಲ ಹಾಕ್ತೀವಲ್ಲ, ಆ ಚೋಟು 2. ಆಮ್ಯಾಲ \205. ಮತ್ತ ಗೀಟಿನ ಎ, ಮತ್ತ ಚೋಟು 2, ಮತ್ತೇನೋ ಒಂದು. ಮತ್ತ ಎ. ಇಡೀ ಪಟ್ಟಿ ಹಂಗೇ, ನಡುನಡುವೆ ಚೋಟು 2ರ ಜಾಗದಾಗ ಚೋಟು 3.

ಇದು ಕಂಡ್ರ ಭಾಳ ಮಂದಿ "ಫೈಲ್ ಕರಪ್ಟ್ ಆಗ್ಯಾವ" ಅಂತ ಕೈ ಬಿಡ್ತಾರ. ನಾ ಹೇಳೋದು, ಈ ನಮೂನಿ ಕಸ ಕಂಡ್ರ ಖುಷಿ ಪಡ್ರಿ. ಯಾಕಂದ್ರ ಇದು ಹಾಳಾದ ಕನ್ನಡ ಅಲ್ಲ, ತಪ್ಪು ಓದಿದ ಕನ್ನಡ. ಯುನಿಕೋಡ್‌ದಾಗ (ಜಗತ್ತಿನ ಎಲ್ಲಾ ಲಿಪಿಗೂ ಕೂಡಿ ಮಾಡಿದ ಒಂದೇ ಅಕ್ಷರ ಪಟ್ಟಿ ಅದು) ಕನ್ನಡದ ಅಕ್ಷರ ಎಲ್ಲಾ ಒಂದೇ ಓಣ್ಯಾಗ ಅದಾವ, ಅವನ್ನ ಯುಟಿಎಫ್-8ದಾಗ ಡಿಸ್ಕಿಗೆ ಬರೆದಾಗ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ಅಂದ್ರ ಮೂರು ನಂಬರ್, ಹೋಗ್ತದ, ಮತ್ತ ಆ ಮೂರರಾಗ ಮೊದಲಿನವು ಎರಡು ಯಾವಾಗ್ಲೂ ಒಂದೋ 340 262, ಇಲ್ಲಾ 340 263 (ಈ ಬೈಟ್ ನಂಬರೆಲ್ಲಾ ಆಕ್ಟಲ್, ಅಂದ್ರ ಎಂಟರ ಎಣಿಕಿದಾಗ ಬರೆದದ್ದು). ನಮ್ಮ ಕಡಿ ಗಾಡಿ ಎಲ್ಲಾ ಕೆಎ 32, ಯಾದಗಿರಿ ಗಾಡಿ ಎಲ್ಲಾ ಕೆಎ 33 ಇದ್ದಂಗ. ಕ ಅಂದ್ರ 340 262 225. ಲ ಅಂದ್ರ 340 262 262. ಈ ಬೈಟುಗಳನ್ನ ಯುಟಿಎಫ್-8 ಅಂತ ಓದ್ದೇ ಯುರೋಪಿನವ್ರ ಹಳೇ ಲ್ಯಾಟಿನ್-1 ಪಟ್ಟಿ ಹಿಡ್ಕೊಂಡು ಒಂದೊಂದೇ ಬೈಟಿಗೆ ಒಂದೊಂದು ಅಕ್ಷರ ಅಂತ ಓದಿದ್ರ 340 ಅಂದ್ರ ಗೀಟಿನ ಎ, 262 ಅಂದ್ರ ಚೋಟು 2, 263 ಅಂದ್ರ ಚೋಟು 3. ಲ ಅಂತೂ ಎ ಆದ ಮ್ಯಾಲ ಚೋಟು 2 ಎರಡು ಸಲ ಬರ್ತದ. 205, 225 ಇಂಥವಕ್ಕೆ ಆ ಪಟ್ಟಿದಾಗ ಕಾಣೋ ಅಕ್ಷರನೇ ಇಲ್ಲ, ಅದಕ್ಕ ಈಮ್ಯಾಕ್ಸ್ ಪಾಪ ನಂಬರೇ ತೋರಿಸ್ತದ. ಒಮ್ಮೆ ಈ ಎ-2, ಎ-3 ತಾಳ ಕಣ್ಣಿಗೆ ಹತ್ತಿತು ಅಂದ್ರ ಮುಗೀತು, ದೂರಲಿಂದಲೇ ಗೊತ್ತಾಗ್ತದ ಇದು ಕನ್ನಡ ಅಂತ.

ಟರ್ಮಿನಲ್‌ದಾಗ ಹೋಗಿ ಎಲ್‌ಎಸ್ ಹೊಡೆದೆ, ಫೈಲ್ ಪಟ್ಟಿ ತೋರಿಸೋ ಕಮಾಂಡ್ ಅದು. ಚಂದ ಕನ್ನಡ. ಅಂಗಡಿ, ಒಳಗ ಗುಲಬರ್ಗಾ, ಆಳಂದ, ಸೇಡಂ, ಎಲ್ಲಾ ನೀಟಾಗಿ. ಅಂದ್ರ ಬಸ್ ಬರೋಬ್ಬರಿ ಅದ, ಬೋರ್ಡ್ ಅಷ್ಟೇ ತಪ್ಪು ಹಚ್ಯಾರ. ಹಚ್ಚಿದವ್ರು ಯಾರು ಅಂತ ಹುಡುಕಿದ್ರ ನಾನೇ. ನನ್ನ ಇನಿಟ್ ಫೈಲ್‌ದಾಗ (ಈಮ್ಯಾಕ್ಸ್ ಶುರು ಆಗುವಾಗ ಓದೋ ಸೆಟ್ಟಿಂಗ್ ಫೈಲು) ಕಾಲೇಜು ಕಾಲದಾಗ ಯಾರದೋ ಫೈಲ್ ನೋಡಿ ಕಾಪಿ ಹೊಡೆದ ಒಂದು ಸಾಲು ಕುಂತಿತ್ತು, ಫೈಲ್-ನೇಮ್-ಕೋಡಿಂಗ್-ಸಿಸ್ಟಂ ಅನ್ನೋದನ್ನ ಲ್ಯಾಟಿನ್-1ಕ್ಕೆ ಕಟ್ಟಿ ಹಾಕೋದು. ಇಷ್ಟು ವರ್ಷ ಯಾಕ ತೊಂದ್ರಿ ಆಗಿಲ್ಲ ಅಂದ್ರ, ನಾಚಿಕಿ ಬಿಟ್ಟು ಹೇಳ್ತೀನಿ, ಕನ್ನಡದ ಬಗ್ಗೆ ಇಷ್ಟು ಮಾತಾಡೋ ನಾನು ಒಂದು ಫೈಲಿಗೂ ಕನ್ನಡ ಹೆಸ್ರು ಇಟ್ಟಿರ್ಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ನಾನೂ ಮೊದ್ಲು ಇದರಾಗೇ ಎಡವಿದ್ದು. ಈಮ್ಯಾಕ್ಸ್‌ದಾಗ ಫೈಲಿನ ಒಳಗಿನ ಅಕ್ಷರಕ್ಕೆ ಒಂದು ಕೋಡಿಂಗ್, ಫೈಲಿನ ಹೆಸರಿಗೆ ಒಂದು ಕೋಡಿಂಗ್, ಎರಡೂ ಬ್ಯಾರೆ ಬ್ಯಾರೆ. ನನ್ನ ಇನಿಟ್ ಫೈಲ್‌ದಾಗ ಪ್ರಿಫರ್-ಕೋಡಿಂಗ್-ಸಿಸ್ಟಂ ಯುಟಿಎಫ್-8 ಅಂತ ಇನ್ನೊಂದು ಸಾಲೂ ಇತ್ತು, ಅದನ್ನ ನೋಡಿ "ಇದು ಇದ್ದಮ್ಯಾಲೂ ಯಾಕ ಹಿಂಗ" ಅಂತ ಹತ್ತು ನಿಮಿಷ ತಲಿ ಕೆರ್ಕೊಂಡೆ. ಆ ಸಾಲು ಹೆಸರಿನ ಕೋಡಿಂಗಿಗೆ ಬರೇ ಡೀಫಾಲ್ಟ್ ಇಡ್ತದ. ಫೈಲ್-ನೇಮ್-ಕೋಡಿಂಗ್-ಸಿಸ್ಟಂ ಅಂತ ನೀವೇ ಕೈಯಾರೆ ಏನಾದ್ರೂ ಇಟ್ಟಿದ್ರ ಡೀಫಾಲ್ಟ್‌ನ ಯಾರೂ ಕೇಳಂಗಿಲ್ಲ, ಇದೇ ಗೆಲ್ತದ. ಇನಿಟ್ ಫೈಲ್ ಮುಟ್ಟದೇ ಪರೀಕ್ಷಾ ಮಾಡ್ಬೇಕಂದ್ರ ಕಂಟ್ರೋಲ್-ಎಕ್ಸ್, ರಿಟರ್ನ್, ಆಮ್ಯಾಲ ಕ್ಯಾಪಿಟಲ್ ಎಫ್ ಹೊಡೆದು ಯುಟಿಎಫ್-8 ಅಂತ ಕೊಡ್ರಿ, ಆಮ್ಯಾಲ ಡೈರೆಡ್ ಪಟ್ಟಿದಾಗ ಬಂದು ಜಿ ಒತ್ರಿ, ಪಟ್ಟಿ ಹೊಸದಾಗಿ ಓದ್ತದ. ಜಿ ಒತ್ತೋದು ಮರೆತು "ಏನೂ ಆಗ್ಲಿಲ್ಲ" ಅನ್ನೋವ್ರು ಅದಾರ, ನಾನೂ ಅವರ ಪೈಕಿ.

ಜಿ ಒತ್ತಿದೆ. ಅಂಗಡಿ ತೆರೀತು. ಹಳೇ ಏಳು ತಾಲೂಕು ಸಾಲಾಗಿ ಬಂದು ನಿಂತವು. ಚಿಂಚೋಳಿ ಒಳಗ ಹೊಕ್ಕು ನೋಡಿದ್ರ ಬರೇ ಲಗ್ನ, ಜವಳ, ಮನಿ ವಾಸ್ತು. ಮಾಸ್ತರ್ರ ಅಪ್ಪಾರ ಕಾರ್ಡು ಇಲ್ಲ.

ಕಾಕಾರಿಗೆ ಫೋನ್ ಹಚ್ಚಿದೆ. "ಅದರಾಗ ಇಲ್ಲಂದ್ರ ಆ ಹುಡುಗ ಮಾಡಿದ ಜಿಪ್‌ದಾಗ ಇರ್ತದ ನೋಡಪ್ಪಾ" ಅಂದ್ರು. ಹುಡುಗ ಅಂದ್ರ ಕಡಿ ಕಡೀಗೆ ಅಂಗಡ್ಯಾಗ ಡಿಸೈನ್ ಮಾಡ್ಲಕತ್ತಿದ್ದ ಹುಡುಗ, ಎಲ್ಲಿಂದಲೋ ಹಳೇದೊಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ ತಂದಿದ್ದ, ಅವನೇ ಎಲ್ಲಾ ಫೋಲ್ಡರಿಗೆ ಕನ್ನಡದಾಗ ಹೆಸ್ರು ಇಟ್ಟು, ಊರುವಾರು ಹೊಂದಿಸಿ, ಅರ್ಧ ಫೈಲ್ ತನ್ನ ಮ್ಯಾಕಿಗೆ ಒಯ್ದು, ಅಲ್ಲಿಂದ ಜಿಪ್ ಮಾಡಿ ವಾಪಸ್ ತಂದು ಕೊಟ್ಟಿದ್ದು. ಒಳ್ಳೆ ಹುಡುಗ, ಈಗ ಪುಣೆದಾಗ ಅದಾನ.

ಜಿಪ್ ಬಿಚ್ಚಲಿಕ್ಕೆ ನಂದೇ ಒಂದು ಪೈಥಾನ್ ಸ್ಕ್ರಿಪ್ಟ್ ಅದ, ನಾಕು ಸಾಲಿಂದು, ಆಫೀಸಿನ ಕೆಲ್ಸಕ್ಕ ಬರ್ಕೊಂಡಿದ್ದು. ಅದನ್ನೇ ಓಡಿಸಿದೆ. ಅರ್ಧಕ್ಕೆ "ಫೈಲ್ ನೇಮ್ ಟೂ ಲಾಂಗ್" ಅಂತ ಬೈದು ನಿಂತ್ಕೊಂತು. ಬಿಚ್ಚಿದಷ್ಟು ನೋಡೋಣ ಅಂತ ಡೈರೆಡ್‌ದಾಗ ತೆಗೆದ್ರ ಮತ್ತ ಕಸ. ಆದ್ರ ಈ ಸಲದ ಕಸ ಬ್ಯಾರೆ. ಗೀಟಿನ ಎ ಇಲ್ಲ, ಚೋಟು 2 ಇಲ್ಲ. ಅದರ ಬದ್ಲಿ ಗಣಿತದ ಆಲ್ಫಾ, ಅದರ ಬಾಜೂಕ ಸಿಮೆಂಟ್ ಇಟ್ಟಂಗಿ ನಮೂನಿ ಚುಕ್ಕಿ ಚುಕ್ಕಿ ಚೌಕ. ಮತ್ತ ಆಲ್ಫಾ, ಮತ್ತ ಇಟ್ಟಂಗಿ, ನಡುನಡುವೆ ಆಲ್ಫಾ ಆದ ಮ್ಯಾಲ ಒಂದು ಉದ್ದ ನೆಟ್ಟನೆ ಗೆರಿ. ತಾಳ ಅದೇ ನೋಡ್ರಿ. ಎ-2, ಎ-3 ಇದ್ದ ಜಾಗದಾಗ ಆಲ್ಫಾ-ಇಟ್ಟಂಗಿ, ಆಲ್ಫಾ-ಗೆರಿ. ರಾಗ ಬದ್ಲಿ ಆಗ್ಯಾದ ಅಷ್ಟೇ.

340ನೇ ಬೈಟಿಗೆ ಆಲ್ಫಾ, 262ಕ್ಕೆ ಇಟ್ಟಂಗಿ, 263ಕ್ಕೆ ನೆಟ್ಟನೆ ಗೆರಿ ಇರೋದು ಡಾಸ್ ಕಾಲದ ಕೋಡ್ ಪೇಜ್ 437 ಅನ್ನೋ ಅಕ್ಷರ ಪಟ್ಟಿದಾಗ. ಕಪ್ಪು ಪರದಿ ಮ್ಯಾಲ ಡಬ್ಬಿ ಡಬ್ಬಿ ಗೆರಿ ಎಳೆದು ಮೆನು ತೋರಿಸ್ತಿದ್ರಲ್ಲ, ಆ ಕಾಲದ್ದು. ಅದು ಇಲ್ಲಿಗೆ ಹೆಂಗ ಬಂತು ಅಂದ್ರ, ಜಿಪ್ ಅನ್ನೋದು ಡಾಸ್ ಕಾಲದಾಗ ಹುಟ್ಟಿದ್ದು, ಅದರೊಳಗಿನ ಫೈಲ್ ಹೆಸ್ರು ಅಂದ್ರ 437ರಾಗೇ ಇರ್ತದ ಅಂತ ಮೂಲದ ಲೆಕ್ಕ. 2006ರಾಗ ಜಿಪ್‌ನ ನಿಯಮಕ್ಕ ಒಂದು ಹೊಸ ಬಿಟ್, ಅಂದ್ರ ಹೌದು-ಅಲ್ಲ ಅನ್ನೋ ಗುರ್ತು, ಸೇರಿಸಿದ್ರು, ಆ ಬಿಟ್ ಹಚ್ಚಿದ್ರ "ಹೆಸ್ರು ಯುಟಿಎಫ್-8ದಾಗ ಅದ" ಅಂತ ಅರ್ಥ. ಹುಡುಗನ ಮ್ಯಾಕು ಹೆಸ್ರು ಯುಟಿಎಫ್-8ದಾಗೇ ಬರ್ದದ, ಬಿಟ್ ಮಾತ್ರ ಹಚ್ಚಿಲ್ಲ. ನನ್ನ ಪೈಥಾನ್ ಬಿಟ್ ಇಲ್ಲಂತ ನೋಡ್ತು, ನಿಯಮದ ಪ್ರಕಾರ 437 ಅಂತ ಓದ್ತು, ಓದಿದ್ದನ್ನ ಮತ್ತ ಯುಟಿಎಫ್-8 ಮಾಡಿ ಡಿಸ್ಕಿಗೆ ಬರೀತು. ಮನಿ ವಿಳಾಸ ಬರೋಬ್ಬರಿ ಬರೆದು ಪಿನ್ ಕೋಡ್ ಬಿಟ್ಟಂಗ.

ಈ ಸಲದ್ದಕ್ಕೂ ಮೊದಲಿಂದಕ್ಕೂ ಒಂದು ದೊಡ್ಡ ಫರಕ್ ಅದ. ಮೊದಲಿಂದು ಬರೇ ಕಾಣೋದ್ರಾಗ ತಪ್ಪು, ಡಿಸ್ಕಿನಾಗ ಸರಿ ಇತ್ತು. ಇದು ಡಿಸ್ಕಿನಾಗೇ ತಪ್ಪು ಬರ್ದದ, ಈಮ್ಯಾಕ್ಸ್‌ದಾಗ ಯಾವ ಸೆಟ್ಟಿಂಗ್ ತಿರುವಿದ್ರೂ ಸರಿ ಆಗಂಗಿಲ್ಲ, ಹೆಸ್ರೇ ಬದ್ಲಿ ಮಾಡಬೇಕು. ಯಾವುದು ಯಾವುದು ಅಂತ ಗೊತ್ತು ಮಾಡ್ಕೊಳ್ಳಿಕ್ಕೆ ಎಡಿಟರ್ ನಂಬಬಾರ್ದು, ಟರ್ಮಿನಲ್‌ದಾಗ ಲೋಕೇಲ್ (ಭಾಷಾ ಸೆಟ್ಟಿಂಗ್) ಸಿ ಅಂತ ಇಟ್ಟು ಎಲ್‌ಎಸ್‌ಗೆ ಮೈನಸ್ ಬಿ ಹಚ್ಚಿ ಓಡಿಸಬೇಕು, ಡಿಸ್ಕಿನಾಗ ಏನು ಬೈಟ್ ಅದಾವ ಅನ್ನೋದು ಬಿಚ್ಚಿ ತೋರಿಸ್ತದ. \340\262 ಅಂತ ಶುರು ಆದ್ರ ಕನ್ನಡ ಕ್ಷೇಮ. \316\261 ಅಂತ ಶುರು ಆದ್ರ ಅದು ಆಲ್ಫಾ, ಅಂದ್ರ 437ರ ಕೈಯಾಗ ಸಿಕ್ಕಿದ್ದು. \303\240 ಅಂತ ಶುರು ಆದ್ರ ಗೀಟಿನ ಎ, ಲ್ಯಾಟಿನ್-1 ಆಗಿ ಓದಿ ಮತ್ತೊಮ್ಮೆ ಬರ್ದಾರ, ಡಬಲ್ ಎನ್‌ಕೋಡಿಂಗ್. ನಾ ಈ ಮೂರು ನಂಬರ್ ಒಂದು ಚೀಟಿದಾಗ ಬರ್ದು ಮಾನಿಟರ್ ಕೆಳಗ ಅಂಟಿಸೀನಿ, ಮನಿಯಾಗ ಯಾರದೋ ಫೋನ್ ನಂಬರ್ ಅಂದ್ಕೊಂಡಾರ.

"ಟೂ ಲಾಂಗ್" ಯಾಕ ಅಂದ ಅನ್ನೋದೂ ಇಲ್ಲೇ ಅರ್ಥ ಆಯ್ತು. ಲಿನಕ್ಸ್‌ದಾಗ ಒಂದು ಫೈಲ್ ಹೆಸ್ರು 255 ಬೈಟ್ ದಾಟಬಾರ್ದು. ಕನ್ನಡಕ್ಕ ಅಕ್ಷರಕ್ಕ ಮೂರು ಬೈಟ್ ಅಂದ್ರ 85, ಅದರಾಗೂ ಒತ್ತು, ಕೊಂಬು, ದೀರ್ಘ ಎಲ್ಲಾ ಬ್ಯಾರೆ ಬ್ಯಾರೆ ಲೆಕ್ಕ. ಕಸ ಆದ ಮ್ಯಾಲ ಒಂದು ಕ ಹೋಗಿ ಆಲ್ಫಾಕ್ಕ ಎರಡು, ಇಟ್ಟಂಗಿಗೆ ಮೂರು, ಕಡೀ ಬೈಟಿಗೆ ಎರಡು, ಒಟ್ಟು ಏಳು ಬೈಟ್. ಕಾಕಾರ ಗಿರಾಕಿಗಳು ಫೈಲ್ ಹೆಸರಿನಾಗೇ ಅರ್ಧ ಕಾರ್ಡ್ ಬರೆಸ್ತಿದ್ರು ಅನಸ್ತದ, ಹಿಡಿಲಿಲ್ಲ.

ರಿಪೇರಿ ಮಾಡೋದು ಸುಲಭ, ಬಂದ ದಾರಿಲಿಂದಲೇ ವಾಪಸ್ ಹೋಗಬೇಕು. ಹೆಸ್ರನ್ನ 437ಕ್ಕೆ ಎನ್‌ಕೋಡ್ ಮಾಡಿದ್ರ ಮೂಲ ಬೈಟ್ ಸಿಗ್ತಾವ, ಅವನ್ನ ಯುಟಿಎಫ್-8 ಅಂತ ಡಿಕೋಡ್ ಮಾಡಿದ್ರ ಕನ್ನಡ. ಪೈಥಾನ್‌ದಾಗ ಒಂದು ಸಾಲು. ಬಿಚ್ಚಿದ್ದೆಲ್ಲಾ ಅಳಿಸಿ, ಸ್ಕ್ರಿಪ್ಟ್‌ದಾಗ ಆ ಸಾಲು ಸೇರಿಸಿ, ಅಂಗಡಿ ಫೋಲ್ಡರ್ ಒಳಗೇ ಬಿಚ್ಚು, ಒಂದೇ ಹೆಸರಿನ ತಾಲೂಕು ಇದ್ರ ಒಂದರಾಗೇ ಹಾಕು ಅಂತ ಹೇಳಿ ಮತ್ತ ಓಡಿಸಿದೆ. 437ರಾಗ ಒಂದು ಒಳ್ಳೆ ಗುಣ ಅದ, 256 ಬೈಟಿಗೂ ಒಂದೊಂದು ಗುರ್ತು ಅದ, ಖಾಲಿ ಮನಿ ಒಂದೂ ಇಲ್ಲ, ಅದಕ್ಕ ಹೋದದ್ದು ಹೋದಂಗೇ ವಾಪಸ್ ಬರ್ತದ. ವಿಂಡೋಸ್‌ನ 1252 ಹಂಗಲ್ಲ. ಅದರಾಗ ಐದು ಜಾಗ ಖಾಲಿ ಅದಾವ, ಆ ಐದು ಖಾಲಿ ಜಾಗ ಕನ್ನಡಕ್ಕ ಎಲ್ಲಿ ಬಂದು ಕುಂತಾವ ಅಂದ್ರ ಏ, ಐ, ಝ, ಕೊಂಬು, ಮತ್ತ ಅರ್ಧಾಕ್ಷರದ ಗುರ್ತು. ಏ ಐ ಝ ಹಾಳಾಗ್ಲಿ, ಕೊಂಬು ಮತ್ತ ಒತ್ತು ಇಲ್ದೇ ಕನ್ನಡದಾಗ ಒಂದು ಸಾಲು ಬರೀರಿ ನೋಡೋಣ. ಕಲಬುರಗಿ ಬರಿಯಕ್ಕೇ ಆಗಂಗಿಲ್ಲ, ಬು ಅದರಾಗ ಅದ. 1252 ಹಿಡ್ಕೊಂಡು ಉಲ್ಟಾ ತಿರುಗಿಸ್ತೀನಿ ಅಂತ ಹೋದವ್ರಿಗೆ ಅರ್ಧ ಹೆಸ್ರು ಸರಿ ಆಗಿ ಅರ್ಧ ಹೆಸ್ರು ಎರರ್ ಕೊಡೋದು ಇದಕ್ಕೇ.

ಒಂದು ಏಳೆಂಟು ಫೈಲಿನ ಹೆಸ್ರು ಮಾತ್ರ ಬರೇ ಅಂಡರ್‌ಸ್ಕೋರ್, ಒಂದರ ಹಿಂದೊಂದು, ರಂಗೋಲಿ ಎಳಿ ಹಂಗ. ಅವನ್ನ ಯಾವತ್ತೋ ಯಾವುದೋ ಸಾಫ್ಟ್‌ವೇರು "ಈ ಅಕ್ಷರ ನನಗ ಬರಂಗಿಲ್ಲ" ಅಂತ ಗೆರಿ ಎಳೆದು ಬಿಸಾಕ್ಯಾದ. ಅವು ಹೋದವು, ಬರಂಗಿಲ್ಲ. ಆಲ್ಫಾ ಇಟ್ಟಂಗಿ ನೋಡೋವ್ರಿಗೆ ಅಸಹ್ಯ ಕಾಣ್ತದ, ಒಳಗ ಮಾಹಿತಿ ಪೂರಾ ಇರ್ತದ. ನೀಟಾಗಿ ಕಾಣೋ ಅಂಡರ್‌ಸ್ಕೋರ್ ಒಳಗ ಏನೂ ಇರಂಗಿಲ್ಲ.

ಅಷ್ಟರಾಗ ನಾಕು ಗಂಟಿ. ಅವ್ವ ಚಾ ತಂದಿಟ್ಟು "ಮಾಸ್ತರ್ರು ಇನ್ನೂ ಕುಂತಾರಂತ, ನಿಮ್ಮ ಕಾಕಾ ಸೂಸಲಾ ಮಿರ್ಚಿ ತರಿಸ್ಯಾರಂತ" ಅಂತ ಸುದ್ದಿ ಕೊಟ್ಟು ಹೋದ್ಳು. ಪಟ್ಟಿದಾಗ ಜಿ ಒತ್ತಿದೆ. ಎಲ್ಲಾ ಕನ್ನಡ. ಚಿಂಚೋಳಿ ಅಂತ ಸರ್ಚ್ ಹೊಡೆದೆ, ಸಿಕ್ತು, ಒಳಗ ಹೋದೆ. ಅದೇ ಲಗ್ನ, ಜವಳ, ಮನಿ ವಾಸ್ತು. ಮೊದಲು ನೋಡಿದ್ದೇ. ಜಿಪ್‌ದಾಗಿಂದು ಬಂದೇ ಇಲ್ಲ.

ವಾಪಸ್ ಪಟ್ಟಿಗೆ ಬಂದು ಕಣ್ಣಲೇ ಒಂದೊಂದು ಸಾಲು ನೋಡಿದಾಗ ಕಂಡಿದ್ದು. ಎರಡು ಚಿಂಚೋಳಿ. ಒಂದರ ಕೆಳಗ ಒಂದು, ಅಕ್ಷರಕ್ಕಕ್ಷರ ಒಂದೇ. ಒಂದೇ ಫೋಲ್ಡರ್ ಒಳಗ ಒಂದೇ ಹೆಸರಿನ ಎರಡು ಫೋಲ್ಡರ್ ಇರಲಿಕ್ಕೆ ಸಾಧ್ಯನೇ ಇಲ್ಲ. ನೋಡ್ತೀನಿ, ಸೇಡಂ ಎರಡು. ಜೇವರ್ಗಿ ಎರಡು. ಆಳಂದ ಒಂದೇ. ಚಿತ್ತಾಪುರ ಒಂದೇ. ಅಫಜಲಪುರ ಒಂದೇ. ಗುಲಬರ್ಗಾ ಒಂದು, ಕಲಬುರಗಿ ಒಂದು, ಆದ್ರ ಅದು ಬ್ಯಾರೆ ಲೆಕ್ಕ, ಅದು ಎನ್‌ಕೋಡಿಂಗ್ ಅಲ್ಲ, 2014ರ ನವೆಂಬರ್ 1ಕ್ಕೆ ಸರ್ಕಾರ ಹೆಸ್ರು ಬದ್ಲಿ ಮಾಡಿದ ಮ್ಯಾಲ ಹುಡುಗ ಹೊಸ ಫೋಲ್ಡರ್ ತೆಗೆದಾನ, ಹಳೇದು ಹಂಗೇ ಬಿಟ್ಟಾನ.

ಸೇಡಂ, ಜೇವರ್ಗಿ, ಚಿಂಚೋಳಿ ಎರಡೆರಡು, ಉಳಿದವು ಒಂದೊಂದು, ಯಾಕ? ಇದನ್ನ ನೋಡ್ಕೊಂತ ಚಾ ಆರಿ ಹೋಯ್ತು. ಸೇಡಂದಾಗ ಏನದ ಆಳಂದದಾಗ ಇಲ್ಲದ್ದು? ನೀವೂ ಒಂದು ನಿಮಿಷ ನೋಡ್ರಿ.

ಏತ್ವ, ಓತ್ವ. ಸೇ, ಜೇ, ಮತ್ತ ಚಿಂಚೋಳಿದಾಗ ಚೋ. ಉಳಿದ ಊರಿನಾಗ ಅವು ಇಲ್ಲ.

ಮೊದಲ್ನೇ ಸೇಡಂ ಮ್ಯಾಲ ಕರ್ಸರ್ ಇಟ್ಟು ಕಂಟ್ರೋಲ್-ಯು ಕಂಟ್ರೋಲ್-ಎಕ್ಸ್ ಈಕ್ವಲ್ ಹೊಡೆದೆ, ಅಕ್ಷರದ ಜಾತಕ ತೋರಿಸೋ ಕಮಾಂಡ್ ಅದು. ಸ ಆದ ಮ್ಯಾಲ ಒಂದೇ ಗುರ್ತು, ದೀರ್ಘ ಏತ್ವ, 340 263 207. ಎರಡ್ನೇ ಸೇಡಂ ನೋಡಿದ್ರ ಸ ಆದ ಮ್ಯಾಲ ಎರಡು ಗುರ್ತು, ಮೊದ್ಲು ಗಿಡ್ಡ ಎತ್ವ 340 263 206, ಆಮ್ಯಾಲ ಬರೇ ದೀರ್ಘದ ಗುರ್ತು 340 263 225. ಕಾಗದದ ಮ್ಯಾಲ ನಾವು ಬರಿಯೋದು ಹಂಗೇ ಅಲ್ರಿ, ಮೊದ್ಲು ಸೆ, ಆಮ್ಯಾಲ ಅದರ ಬಾಜೂಕ ದೀರ್ಘ. ಚೋ ಇನ್ನೂ ಮಜಾ, ಒಂದು ಚಿಂಚೋಳಿದಾಗ ಚ ಆದ ಮ್ಯಾಲ ಒಂದೇ ಗುರ್ತು, ಇನ್ನೊಂದರಾಗ ಎತ್ವ, ಊ ಕೊಂಬು, ದೀರ್ಘ, ಮೂರು. ಎರಡು ನಮೂನಿ ಬರೆದ್ರೂ ಅರ್ಥ ಒಂದೇ ಅಂತ ಯುನಿಕೋಡೇ ಒಪ್ತದ, ಕೂಡಿಸಿದ ರೂಪ, ಬಿಡಿಸಿದ ರೂಪ ಅಂತ ಎರಡಕ್ಕೂ ಹೆಸ್ರು ಅದ. ಫಾಂಟ್ ಎರಡನ್ನೂ ಒಂದೇ ತರ ತೋರಿಸ್ತದ. ಆದ್ರ ಲಿನಕ್ಸಿಗೆ ಫೈಲ್ ಹೆಸ್ರು ಅಂದ್ರ ಬರೇ ಬೈಟು, ಬೈಟು ಬ್ಯಾರೆ ಅಂದ್ರ ಫೋಲ್ಡರ್ ಬ್ಯಾರೆ. ಹಳೇ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲ್ ಹೆಸರನ್ನ ಬಿಡಿಸಿದ ರೂಪದಾಗೇ ಇಟ್ಕೊಂತದ, ನೀವು ಹೆಂಗೇ ಟೈಪ್ ಮಾಡ್ರಿ. ಹುಡುಗನ ಮ್ಯಾಕಿಗೆ ಹೋಗಿ ಬಂದ ಊರೆಲ್ಲಾ ಬಿಡಿಸ್ಕೊಂಡು ಬಂದಾವ, ಪೆನ್ ಡ್ರೈವ್‌ಲಿಂದ ನೇರ ಬಂದವು ಕೂಡ್ಕೊಂಡೇ ಅದಾವ. ಬಿಡಿಸಲಿಕ್ಕೆ ಏನೂ ಇಲ್ಲದ ಆಳಂದ, ಚಿತ್ತಾಪುರ ಎರಡೂ ಕಡಿ ಒಂದೇ ಇದ್ದವು, ಅದಕ್ಕ ಒಂದರಾಗೊಂದು ಕೂಡಿ ಹೋದವು.

ಖರೇ ಹೇಳ್ತೀನಿ, ಆವತ್ತಿನ ಎಲ್ಲಾ ತೊಂದ್ರಿದಾಗ ಇದೇ ಕೆಟ್ಟದ್ದು. ಆಲ್ಫಾ ಇಟ್ಟಂಗಿ ಅಂದ್ರ ಕಳ್ಳ ಬಂದಂಗ, ಗದ್ದಲ ಆಗ್ತದ, ಎಚ್ಚರ ಆಗ್ತೀವಿ. ಇದು ಮನಿಯವ್ರ ವೇಷದಾಗ ಬಂದು ಕುಂತದ. ನಾ ಕೀಬೋರ್ಡಿನಾಗ ಚಿಂಚೋಳಿ ಅಂತ ಹೊಡೆದ್ರ ಕೂಡಿದ ರೂಪ ಹೋಗ್ತದ, ಈಮ್ಯಾಕ್ಸ್ ಕೂಡಿದ ಚಿಂಚೋಳಿ ಒಂದನ್ನೇ ಹುಡುಕಿ ಕೊಡ್ತದ, ಇನ್ನೊಂದು ಕಣ್ಣ ಮುಂದೇ ಇದ್ರೂ "ಇಲ್ಲ" ಅಂತದ.

ಕನ್ವ್‌ಎಂವಿ ಅಂತ ಒಂದು ಟೂಲ್ ಅದ, ಫೈಲ್ ಹೆಸರಿನ ಎನ್‌ಕೋಡಿಂಗ್ ಬದ್ಲಿ ಮಾಡಲಿಕ್ಕೇ ಹುಟ್ಟಿದ್ದು. ಯುಟಿಎಫ್-8ಲಿಂದ ಯುಟಿಎಫ್-8ಕ್ಕೇ ಹೋಗು, ಆದ್ರ ಎನ್‌ಎಫ್‌ಸಿ (ಕೂಡಿಸಿದ ರೂಪ) ಮಾಡ್ಕೊಂಡು ಹೋಗು ಅಂತ ಹೇಳಿದ್ರ ಬಿಡಿಸಿದ್ದನ್ನೆಲ್ಲಾ ಕೂಡಿಸ್ತದ. ಅದರಾಗ ನನಗ ಸೇರೋದು ಏನಂದ್ರ, ಮೊದ್ಲು ಓಡಿಸಿದಾಗ ಏನೂ ಮುಟ್ಟಂಗಿಲ್ಲ, "ಹಿಂಗ ಹಿಂಗ ಮಾಡ್ತೀನಿ" ಅಂತ ಬರೇ ತೋರಿಸ್ತದ, ನೋಟೆಸ್ಟ್ ಅಂತ ಹೇಳಿದ ಮ್ಯಾಲೇ ಕೈ ಹಚ್ತದ. ಕಾಕಾರ ಅಂಗಡ್ಯಾಗ ಪ್ರೂಫ್ ನೋಡದೇ ಪ್ರಿಂಟಿಗೆ ಕಳಿಸ್ತಿರ್ಲಿಲ್ಲ, ಅದೇ ರೀತಿ. ಒಳಗಿನ ಫೈಲ್ ಎಲ್ಲಾ ಕೂಡ್ಸಿತು, ಮೂರು ತಾಲೂಕಿಗೆ ಮಾತ್ರ ಅದೇ ಹೆಸರಿಂದು ಮೊದಲೇ ಅದ ಅಂತ ನಿಲ್ಸಿತು, ಅವನ್ನ ನಾ ಡೈರೆಡ್‌ದಾಗ ಕೈಲೇ ಒಂದರಾಗಿಂದ ಇನ್ನೊಂದಕ್ಕ ಸರಿಸಿದೆ.

ಚಿಂಚೋಳಿ ಒಂದಾಯ್ತು. ಒಳಗ ಸಿಕ್ತು, ಶಿವಗಣಾರಾಧನೆ-ಮಾಸ್ತರ್-2008. ಬರೇ ಟೆಕ್ಸ್ಟ್ ಫೈಲು. ಕಾಕಾರು ಮೊದ್ಲು ನೋಟ್‌ಪ್ಯಾಡ್‌ದಾಗ ಮ್ಯಾಟರ್ ಹೊಡೆದಿಟ್ಟು ಆಮ್ಯಾಲ ಪುಟ ಹೊಂದಿಸೋ ಸಾಫ್ಟ್‌ವೇರ್ ಪೇಜ್‌ಮೇಕರಿಗೆ ಒಯ್ತಿದ್ರು.

ತೆಗೆದೆ. ಮೊದಲ್ನೇ ಸಾಲಿನ ಮೊದಲ್ನೇ ಅಕ್ಷರ, ಚೋಟು 2.

ಅಯ್ಯೋ ಶಿವನೇ ಅಂದೆ. ಮತ್ತ ಶುರು. ಚೋಟು 2 ಅಂದ್ರ ನಂದು ಗೊತ್ತಿದ್ದದ್ದೇ ರೋಗ, ಯುಟಿಎಫ್-8ನ ಲ್ಯಾಟಿನ್-1 ಅಂತ ಓದ್ಲಕತ್ತದ ಅಂತ ಕಂಟ್ರೋಲ್-ಎಕ್ಸ್ ರಿಟರ್ನ್ ಸಣ್ಣ ಆರ್ ಹೊಡೆದು ಯುಟಿಎಫ್-8 ಅಂತ ಕೊಟ್ಟೆ. ಇನ್ನೂ ಕೆಟ್ತು, ಪರದಿ ತುಂಬಾ ಬರೇ ನಂಬರು. 437 ಕೊಟ್ಟೆ, ಗ್ರೀಕು ಬಂತು. ಅರ್ಧ ತಾಸು ಹಿಂಗೇ ತಿರುವಿದೆ. ಆಮ್ಯಾಲ ಸುಮ್ನೆ ಕುಂತು ತಾಳ ನೋಡಿದೆ. ತಾಳ ಇಲ್ಲ. ಗೀಟಿನ ಎ ಅದ, ಆದ್ರ ಇದು ದೊಡ್ಡ ಎ, ಸಣ್ಣದಲ್ಲ, ಮತ್ತ ಮುಂದ ಬರಂಗಿಲ್ಲ, ಯಾವುದೋ ಅಕ್ಷರದ ಹಿಂದ ಬಾಲ ಹಂಗ ಬರ್ತದ. ಮೂರಕ್ಕೊಮ್ಮೆ ಅಲ್ಲ, ಮನಸ್ಸಿಗೆ ಬಂದಾಗ. ನಡುನಡುವೆ ಇಂಗ್ಲಿಷ್ ಪಿ, ಪೌಂಡಿನ ಗುರ್ತು.

ಲ್ಯಾಪ್‌ಟಾಪ್ ಹಿಡ್ಕೊಂಡು ಗಾಡಿ ಹತ್ತಿ ಕಾಕಾರ ಮನಿಗೇ ಹೋದೆ. ಮಾಸ್ತರ್ರು ಜೋಕಾಲಿ ಮ್ಯಾಲ ಕುಂತಿದ್ರು, ಸೂಸಲಾದ ತಾಟು ಖಾಲಿ. "ನೋಡ್ರಿ ಕಾಕಾ, ಫೈಲ್ ಸಿಕ್ಕದ, ಒಳಗ ಹಿಂಗ ಆಗ್ಯಾದ" ಅಂತ ತೋರಿಸಿದೆ.

ಕಾಕಾ ಕನ್ನಡಕ ಏರಿಸ್ಕೊಂಡ್ರು. "ಎಲ್ಲಿ ಆಗ್ಯಾದ? ಬರೋಬ್ಬರಿ ಅದಲ್ಲೋ. ನುಡಿದಾಗ ಹೊಡ್ದಿದ್ದು ಇದು."

ಹೌದಲ್ಲ. ಪೇಜ್‌ಮೇಕರಿಗೆ ಯುನಿಕೋಡ್ ಬರ್ತಿರ್ಲಿಲ್ಲ, ಅಂಗಡಿ ಎಲ್ಲಾ ಓಡ್ತಿದ್ದು ನುಡಿ ಫಾಂಟಿನ ಮ್ಯಾಲೇ. ಅದರಾಗ ಕನ್ನಡ ಅನ್ನೋ ಕೋಡೇ ಇರಂಗಿಲ್ಲ, ಇಂಗ್ಲಿಷ್ ಮತ್ತ ಯುರೋಪಿನ ಅಕ್ಷರದ ಜಾಗದಾಗ ಕನ್ನಡದ ತುಂಡು ತುಂಡು ಚಿತ್ರ ಕೂಡಿಸಿರ್ತಾರ, ಫಾಂಟ್ ಹಾಕಿದ್ರ ಕನ್ನಡ, ತೆಗೆದ್ರ ಈ ಅವತಾರ. ಹೆಸ್ರು ಇಟ್ಟಿದ್ದು ಯುನಿಕೋಡಿನ ಹುಡುಗ, ಒಳಗ ಬರೆದಿದ್ದು ನುಡಿಯ ಕಾಕಾ. ಇದು ಎನ್‌ಕೋಡಿಂಗ್ ತಪ್ಪೇ ಅಲ್ಲ, ನಾ ಯಾವ ಪಟ್ಟಿ ಹಚ್ಚಿದ್ರೂ ಬರಂಗಿರ್ಲಿಲ್ಲ, ಕನ್ವರ್ಟರ್ ಬೇಕಾಗಿತ್ತು.

ಕನ್ವರ್ಟರ್ ಹುಡುಕ್ತೀನಿ ತಡೀರಿ ಅನ್ನೋದ್ರಾಗ ಕಾಕಾ ಓದ್ಲಿಕ್ಕೆ ಶುರು ಮಾಡಿದ್ರು. ಪರದಿ ಮ್ಯಾಲ ಬಟ್ಟು ಇಟ್ಟು, ಆ ಕಸನ್ನೇ. "ಈ ಮ್ಯಾಲಿನ 2 ಅದಲ್ಲ, ಇದು ಶಿ. ಅದಕ್ಕ ಹಿಂದ ರ ಒತ್ತು, ದೀರ್ಘ. ಶ್ರೀ. ಎಲ್ಲಾ ಕಾರ್ಡ್ ಶ್ರೀಲಿಂದನೇ ಶುರು ಅಲ್ಲೇನು? ಪಿ ಅಂದ್ರ ಕ. ಪೌಂಡ್ ಅಂದ್ರ ನ. ಈ ದೊಡ್ಡ ಎ ಅಂದ್ರ ತಲಿಕಟ್ಟು." ಹಂಗೇ ಒಂದೊಂದೇ ಸಾಲು, ನಾವು ಪೇಪರ್ ಓದಿದಷ್ಟೇ ಸಲೀಸಾಗಿ, ಯಾವತ್ತು, ಯಾವ ಊರಾಗ, ಯಾರ ಸಾನ್ನಿಧ್ಯ, ಬಂಧು ಬಳಗ, ಎಲ್ಲಾ. ಮಾಸ್ತರ್ರು ಜೋಕಾಲಿ ನಿಲ್ಸಿ ಕೇಳ್ಕೊಂತ ಕುಂತಿದ್ರು. ನಾ ಬಾಜೂಕ ಕುಂತು ಯುನಿಕೋಡಿನಾಗ ಟೈಪ್ ಮಾಡ್ಕೊಂಡೆ.

ನಾಕನೇ ಸಾಲಿನಾಗ ಕಾಕಾ ತಡೆದು ನಕ್ಕರು. "ಮಾಸ್ತರ್ರೇ, ನೆನಪದ ಏನು? ಲಿಂಗೈಕ್ಯ ಅನ್ನೋದ್ರಾಗ ಯ ಒತ್ತು ಬಿಟ್ಟಿದ್ವಿ."

"ನೆನಪಿಲ್ದೇ ಏನ್ರಿ" ಅಂದ್ರು ಮಾಸ್ತರ್ರು, "ಐನೂರು ಕಾರ್ಡು. ರಾತ್ರಿ ಎಲ್ಲಾ ನಾನು ನಮ್ಮ ತಮ್ಮ ಕುಂತು ಪೆನ್ನಲೇ ಒತ್ತು ಹಾಕೀವಿ."

"ಈಗ ಹಾಕು ತಮ್ಮಾ" ಅಂದ್ರು ಕಾಕಾ ನನಗ. ಹಾಕಿದೆ.